ಚಪ್ಪಟೆ ಪಾದದ ವಂಶ

ಹಿಮ್ಮಡಿ ನೋವು ಯಾವಾಗಿನಿಂದ ಎಂದು ಯಾರಾದರೂ ಕೇಳಿದರೆ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ನೋವು ಬರುವುದಕ್ಕೆ ಮೊದಲೇ, ಬಂದರೆ ಏನು ಗತಿ ಎಂದು ಯೋಚಿಸಲು ಶುರುಮಾಡಿರುತ್ತೇನೆ. ಹೀಗಾಗಿ ಯೋಚನೆ ಎಲ್ಲಿ ಮುಗಿಯಿತು, ನೋವು ಎಲ್ಲಿ ಶುರುವಾಯಿತು ಎಂಬುದು ನನಗೇ ತಿಳಿಯುವುದಿಲ್ಲ. ಐವತ್ತು ದಾಟಿದ ಮೇಲೆ ಒಂದೊಂದು ಅಂಗವನ್ನೂ ಸರದಿಯ ಮೇಲೆ ಸಂಶಯದಿಂದ ನೋಡಿದ್ದೇನೆ. ಹೃದಯ, ಕಿಡ್ನಿ, ಕಿವಿ ಎಲ್ಲಾ ಮುಗಿದು ಪಾದದ ಪಾಳಿ ಬಂದಿತ್ತು.

ದಾವಣಗೆರೆಯ ಕಾಲೇಜೊಂದರ ಆಫೀಸಿನಲ್ಲಿ ನಾನು ಹೆಡ್ ಕ್ಲರ್ಕ್. ದಿನವಿಡೀ ಕೂತು ಮಾಡುವ ಕೆಲಸ. ವಿನೋಬನಗರದ ಮನೆಯಿಂದ ಆಫೀಸಿಗೆ ನಡೆದು ಹೋಗುವುದೊಂದು ಬಿಟ್ಟರೆ ಪಾದಕ್ಕೆ ನಾನು ಕೊಟ್ಟ ಕಷ್ಟ ಏನೂ ಇಲ್ಲ. ಆದರೂ ಬೆಳಗ್ಗೆ ಮಂಚದಿಂದ ಕಾಲು ಕೆಳಗಿಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದಂತಾಗುತ್ತಿತ್ತು. ಮೊಬೈಲಿನಲ್ಲಿ ಓದಿದೆ. ಪಾದ ಒದ್ದೆ ಮಾಡಿಕೊಂಡು ಕಪ್ಪು ನೆಲದ ಮೇಲೆ ನಿಂತು, ಪಕ್ಕಕ್ಕೆ ಸರಿದು, ಗುರುತನ್ನು ನೋಡಬೇಕಂತೆ. ಒಳಗಡೆ ಅಂಚಿನಲ್ಲಿ, ಹಿಮ್ಮಡಿಗೂ ಮುಂಗಾಲಿಗೂ ನಡುವೆ ಖಾಲಿ ಜಾಗ ಇದ್ದರೆ ಪಾದಕ್ಕೆ ಕಮಾನು ಇದೆ ಎಂದು ಅರ್ಥ. ಇಲ್ಲದಿದ್ದರೆ ಚಪ್ಪಟೆ ಪಾದ. ಬಚ್ಚಲಿನಿಂದ ಬಂದು ಕಡಪಾ ಕಲ್ಲಿನ ಮೇಲೆ ನಿಂತು ಸರಿದೆ. ಇಟ್ಟಿಗೆಗೆ ಐದು ಬೆರಳು ಬಂದ ಹಾಗಿತ್ತು.

ನೀರಿನ ಗುರುತು ಆರಿಹೋಗುತ್ತದೆ, ಡಾಕ್ಟರಿಗೆ ತೋರಿಸಲು ಆಗುವುದಿಲ್ಲ. ಆದ್ದರಿಂದ ಪರಾತದಲ್ಲಿ ಕುಂಕುಮದ ನೀರು ಮಾಡಿ, ಅದರಲ್ಲಿ ಕಾಲದ್ದಿ, ಹಳೇ ಪೇಪರಿನ ಮೇಲೆ ಹಾಲಿನ ಉದ್ದಕ್ಕೂ ನಡೆದೆ. ಹೆಂಡತಿ ಅಡುಗೆಮನೆಯಿಂದ ಇಣುಕಿದಳು.

“ಏನ್ರೀ ಇದು, ಹೊಸ ಸೊಸಿ ಮನಿ ತುಂಬಿದಂಗೆ ಐತೆ. ಸೇರಿನ ಅಕ್ಕಿನೂ ಇಡ್ಲಾ, ಒದ್ದು ಬಿಡ್ತೀರಾ?”

“ಪಾದದ ಕಮಾನು ಕುಸಿದೈತೆ ಕಣೆ.”

“ಇಷ್ಟು ವರ್ಷ ನಡದ್ರಲ್ಲ, ಆವಾಗ ಇತ್ತಾ?”

ಇತ್ತೋ ಇಲ್ಲವೋ, ಹಿಂದೆ ಯಾವಾಗಲೂ ನೋಡಿರಲಿಲ್ಲ.

ಮೂಳೆ ಡಾಕ್ಟರು ಪೇಪರುಗಳನ್ನು ಒಂದು ಬೆರಳಿನಿಂದ ಮಾತ್ರ ಮುಟ್ಟಿ ನೋಡಿದರು. ಮುಂಗಾಲು ಎಷ್ಟು ಅಗಲ, ನಡುಪಾದ ಎಷ್ಟು ಅಗಲ ಎಂದು ಪೆನ್ನಿನಿಂದ ಅಳೆದು, ಎರಡೂ ಹೆಚ್ಚುಕಡಿಮೆ ಒಂದೇ ಇದೆ ಎಂದರು. ಎಕ್ಸ್‌ರೇಗೆ ಚೀಟಿ ಬರೆದರು. ನಾನು ತೆಗೆಸಿಕೊಂಡು ಬಂದೆ. ಫಿಲ್ಮಿನಲ್ಲಿ ನನ್ನ ಪಾದದ ಮೂಳೆಗಳು ಹರಿಹರದ ಹಳೇ ಸೇತುವೆಯ ಕಮಾನಿನ ಹಾಗೆ ಚೆಂದವಾಗಿ ಬಾಗಿದ್ದವು. ನೋಡಿ ನನಗೆ ಹೆಮ್ಮೆಯಾಯಿತು. ಡಾಕ್ಟರಿಗೆ ಆಗಲಿಲ್ಲ.

“ಏನ್ರಿ ಇದು, ಮಲಗಿಸಿ ತೆಗದಾರಲ್ರಿ. ನಿಲ್ಲಿಸಿ ತೆಗಿಬೇಕು ಅಂತ ಬರ್ದಿದ್ನಲ್ಲ.”

“ಆದ್ರೆ ಚೆನ್ನಾಗಿ ಬಂದೈತಲ್ಲ ಸರ್.”

“ಮಲಗಿದಾಗ ಎಲ್ಲಾರದೂ ಚೆನ್ನಾಗೇ ಇರ್ತೈತ್ರಿ. ಭಾರ ಬಿದ್ದಾಗ ನೋಡ್ಬೇಕು. ಹೋಗ್ರಿ, ನಿಂತು ತೆಗೆಸ್ಕೊಂಡು ಬರ್ರಿ.”

ಎಕ್ಸ್‌ರೇ ತೆಗೆಯುವವನು ಈ ಸಲ ಗೋಡೆಯ ಪಕ್ಕ ಮರದ ಪೀಠ ಇಟ್ಟು ಅದರ ಮೇಲೆ ನನ್ನನ್ನು ಹತ್ತಿಸಿದ. ಬೀಳುತ್ತೇನೆಂದು ನಾನು ಗೋಡೆ ಹಿಡಿದುಕೊಂಡೆ. ಅವನು ನನ್ನ ಕಾಲನ್ನೇ ನೋಡುತ್ತಿದ್ದ.

“ಸರ್, ಪಾದ ಬಿಗಿ ಹಿಡ್ದೀರಿ.”

“ಇಲ್ಲಲ್ಲ.”

“ಬೆರಳು ಎಲ್ಲಾ ಒಳಗೆ ಎಳ್ಕೊಂಡೀರಿ ಸರ್. ಎಕ್ಸ್‌ರೇದಾಗೆ ಪಾಸು ಫೇಲು ಇಲ್ರಿ. ಆರಾಮ್ ನಿಲ್ರಿ. ಪೂರಾ ಭಾರ ಬಿಟ್ಬಿಡ್ರಿ. ಹಾಂ, ಬಸ್.”

ಪೂರಾ ಭಾರ ಬಿಟ್ಟೆ. ಎರಡನೆಯ ಫಿಲ್ಮಿನಲ್ಲಿ ಸೇತುವೆ ಇರಲಿಲ್ಲ. ಡಾಕ್ಟರು ಎರಡನ್ನೂ ದೀಪದ ಹಲಗೆಗೆ ಪಕ್ಕಪಕ್ಕ ಸಿಕ್ಕಿಸಿದರು. ಹಿಮ್ಮಡಿಯ ಮೂಳೆಯ ತಳಕ್ಕೆ ಒಂದು ಗೆರೆ, ನೆಲಕ್ಕೆ ಒಂದು ಗೆರೆ ಎಳೆದು, ನಡುವಿನ ಕೋನ ತೋರಿಸಿದರು. ಮಲಗಿದಾಗ ಕೋನ ಇತ್ತು. ನಿಂತಾಗ ಎರಡು ಗೆರೆಗಳೂ ಒಂದರ ಮೇಲೊಂದು ಮಲಗಿಬಿಟ್ಟಿದ್ದವು.

“ಒಂದೇ ಕಾಲು ನೋಡ್ರಿ. ಭಾರ ಇಲ್ಲಾಂದ್ರೆ ಕಮಾನು ಏಳ್ತೈತೆ, ಭಾರ ಬಿದ್ದ ಕೂಡ್ಲೇ ಕುಸೀತೈತೆ. ಕುಸಿದಾಗ ಪಾದ ಒಂಚೂರು ಉದ್ದನೂ ಆಗ್ತೈತೆ. ಹೆದರೋದೇನಿಲ್ಲ.”

“ನಮ್ಮ ಮನೆಯಾಗೆ ನನ್ನ ಬಗ್ಗೆ ಹೇಳೋದೂ ಅದೇ ಸರ್,” ಎಂದೆ. ಅವರು ನಗಲಿಲ್ಲ. ಚಪ್ಪಲಿಯೊಳಗೆ ಹಾಕುವ ಮೆತ್ತೆ ಬರೆದುಕೊಟ್ಟು, ಇದು ಹೆಚ್ಚಾಗಿ ಮನೆತನದಲ್ಲಿ ಬರುತ್ತದೆ, ತಂದೆ ತಾಯಿಯ ಪಾದ ನೋಡಿ ಎಂದರು.

ಅಪ್ಪ ಅವ್ವ ಇದ್ದದ್ದು ಹರಿಹರದಲ್ಲಿ, ತಮ್ಮನ ಜೊತೆ. ತಮ್ಮನಿಗೆ ಗುತ್ತೂರಿನ ಹತ್ತಿರದ ಕಾರ್ಖಾನೆಯಲ್ಲಿ ಕೆಲಸ. ಅಪ್ಪನೂ ಅಂಥದೇ ಒಂದರಲ್ಲಿ ನಿವೃತ್ತಿಯವರೆಗೂ ನಿಂತು ದುಡಿದವನು. ಅಪ್ಪನ ಅಕ್ಕ, ನಮ್ಮ ಸೋದರತ್ತೆ, ಗಂಡ ಹೋದ ಮೇಲೆ ಅದೇ ಮನೆಗೆ ಬಂದು, ಅಂದಿನಿಂದ ಆ ಮನೆಯ ಬಾಯಿಯ ಕೆಲಸವನ್ನೆಲ್ಲ ತಾನೇ ವಹಿಸಿಕೊಂಡಿದ್ದಳು. ಭಾನುವಾರ ಬಸ್ಸು ಹತ್ತಿ ಹೋಗಿ ಅಪ್ಪನಿಗೆ ಪಾದ ತೋರಿಸು ಎಂದೆ.

“ಯಾಕ? ನಮಸ್ಕಾರ ಮಾಡೋದಿದ್ರೆ ಮಾಡು, ಎದ್ದು ಹೋಗು,” ಎಂದ ಅಪ್ಪ.

ಕೊನೆಗೆ ಎಲ್ಲರನ್ನೂ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಬಳಿ ಕರೆದು, ಒಬ್ಬೊಬ್ಬರ ಕಾಲಿಗೂ ಚೊಂಬಿನಲ್ಲಿ ನೀರು ಹಾಕಿ, ಕಲ್ಲಿನ ಮೇಲೆ ನಿಲ್ಲಿಸಿ ಇಳಿಸಿದೆ. ಹುಟ್ಟುವಾಗ ತಾನು ಏನನ್ನು ಹೊತ್ತು ತಂದಿದ್ದೇನೆ ಎಂದು ಮನುಷ್ಯ ತಿಳಿದುಕೊಳ್ಳಬೇಕಾದರೆ ಇಷ್ಟು ಸಾಕು. ಅಪ್ಪನದು ಇಟ್ಟಿಗೆ. ತಮ್ಮನದು ಇಟ್ಟಿಗೆ. ಅತ್ತೆಯದು ಎಲ್ಲರಿಗಿಂತ ಅಗಲ. ನಡುವೆ ಖಾಲಿ ಇದ್ದರೆ ಕಮಾನು, ತುಂಬಿದ್ದರೆ ಚಪ್ಪಟೆ ಎಂದು ನಾನು ಪಾಠ ಹೇಳಿದೆ. ಅತ್ತೆ ಬೇಗ ಕಲಿತಳು.

“ನಮ್ಮ ಮನಿತನದ ಕಾಲು ಅಂದ್ರೆ ಹಿಂಗೇ. ನೆಲಕ್ಕೆ ಹತ್ತಿದ್ರೆ ಬಿಡಂಗಿಲ್ಲ,” ಎಂದಳು.

ಕಡೆಗೆ ಅವ್ವ ನಿಂತು ಇಳಿದಳು. ಸಣ್ಣ ಪಾದ. ಹಿಮ್ಮಡಿ ಒಂದು ದುಂಡು, ಮುಂಗಾಲು ಒಂದು ದುಂಡು, ನಡುವೆ ಹೊರ ಅಂಚಿನಲ್ಲಿ ಒಂದು ತೆಳು ಪಟ್ಟಿ ಮಾತ್ರ. ಮೊಬೈಲಿನಲ್ಲಿ ಓದಿದ ಹಾಗೇ ಇತ್ತು. ಅತ್ತೆ ಬಗ್ಗಿ ನೋಡಿದಳು.

“ಇದೇನು, ಅರ್ಧ ಕಾಲು ಇಟ್ಟಂಗೈತೆ. ಲಗ್ನಾಗಿ ಬಂದಾಗಿಂದ ಈ ಮನಿಯಾಗೆ ಪೂರಾ ಕಾಲು ಊರೇ ಇಲ್ಲ ನೋಡು ಈಕಿ.”

“ಊರಾಕೆ ಜಾಗ ಎಲ್ಲಿತ್ತಕ್ಕ,” ಎಂದಳು ಅವ್ವ, “ನಿಮ್ಮವೇ ಅಷ್ಟಗಲ.”

ಅಪ್ಪ ಜೋರಾಗಿ ನಕ್ಕ. ಅಲ್ಲಿಗೆ ನಾನು ಸುಮ್ಮನಿದ್ದರೆ ಎಲ್ಲಾ ಸರಿ ಇರುತ್ತಿತ್ತು. ಆದರೆ ನನ್ನ ಚಿಂತೆ ನನಗೊಬ್ಬನಿಗೇ ಸಾಲುವುದಿಲ್ಲ, ಮನೆಯವರಿಗೆಲ್ಲ ಹಂಚಿದರೇ ನನಗೆ ಸಮಾಧಾನ. ಮುಂದಿನ ವಾರ ಅಪ್ಪನಿಗೆ ಒಂದು ಜೊತೆ ಎಂಸಿಆರ್ ಚಪ್ಪಲಿ ತೆಗೆದುಕೊಂಡು ಹೋಗಿ ಕೊಟ್ಟೆ. ಮೆತ್ತಗೆ, ನಡುವೆ ಉಬ್ಬು ಇದ್ದದ್ದು. ಅಪ್ಪ ಅದನ್ನು ಮೂಲೆಗಿಟ್ಟ. ಮಗ ತಂದಿದ್ದಾನೆ, ಹಾಕಿಕೊಳ್ಳಿ ಎಂದು ಅವ್ವ ದಿನಾ ಹೇಳಿದಳಂತೆ. ಅಪ್ಪ ದಿನಾ ಒಲ್ಲೆ ಅಂದನಂತೆ. ಒಂದು ದಿನ ಅವ್ವನಿಗೆ ಸಿಟ್ಟು ಬಂದು, “ನಿಮಗ್ಯಾಕೆ ಚಪ್ಪಲಿ, ಎತ್ತಿನ ಗೊರಸು ಅದು, ಲಾಳ ಹೊಡೆಸ್ತೀನಿ ತಡೀರಿ,” ಎಂದಳು. ಅತ್ತೆಯ ಎದುರಿಗೇ ಅಂದಳು. ಅಪ್ಪ ತಟ್ಟೆ ಬಿಟ್ಟು ಎದ್ದು ಹೋದ. ಅಂದಿನಿಂದ ಅವ್ವನ ಜೊತೆ ಮಾತು ಬಿಟ್ಟ. ನಮ್ಮಪ್ಪ ಹೀಗೆ ಮಾತು ಬಿಡುವುದು ಹೊಸದಲ್ಲ. ಎರಡು ಮೂರು ದಿನ ಬಿಟ್ಟು ತಾನೇ ಬಂದು ಟೀ ಮಾಡು ಎನ್ನುತ್ತಿದ್ದ.

ಈ ಸಲ ಎನ್ನಲಿಲ್ಲ. ಒಂದು ಬೆಳಗ್ಗೆ ಪಡಸಾಲೆಯ ಪಕ್ಕದ ಕೋಣೆಯಲ್ಲಿ ಮಲಗಿದ್ದವನು ಏಳಲಿಲ್ಲ. ಡಾಕ್ಟರು ಬಂದು ಹೃದಯ ನಿಂತಿದೆ ಎಂದರು. ನಾನು ಇಷ್ಟು ವರ್ಷ ನನ್ನ ಹೃದಯವನ್ನು ಕಾಯುತ್ತಿದ್ದೆ.

ಹತ್ತಿರದ ಸಾರಥಿ ಎಂಬ ಹಳ್ಳಿಯಲ್ಲಿ ನಮ್ಮ ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು. ಆಮೇಲಿನ ದಿನಗಳಲ್ಲಿ ನಾನು ಹರಿಹರದಲ್ಲೇ ಉಳಿದೆ. ತಮ್ಮನ ಹೆಂಡತಿ ಬಾಣಂತಿ, ತವರಿನಲ್ಲಿದ್ದಳು. ನನ್ನ ಹೆಂಡತಿ ಮಗಳ ಪರೀಕ್ಷೆಗೆಂದು ದಾವಣಗೆರೆಗೆ ಹೋಗಿದ್ದಳು, ದಿನಕರ್ಮದ ಹೊತ್ತಿಗೆ ಬರುವವಳಿದ್ದಳು. ಮನೆಯಲ್ಲಿ ಇದ್ದವರು ಅವ್ವ, ಅತ್ತೆ, ತಮ್ಮ, ನಾನು. ಬಂದವರು ಬಂದು, ಅತ್ತು, ಟೀ ಕುಡಿದು ಹೋಗುತ್ತಿದ್ದರು. ಅವ್ವ ಅಳಲಿಲ್ಲ. ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: “ನನ್ನ ಕೂಡ ಮಾತಾಡ್ಲೇ ಇಲ್ಲ.” ಕೇಳಿದವರು ಅದನ್ನು ಕೊನೆಯ ಗಳಿಗೆಯ ಮಾತು ಎಂದುಕೊಂಡು ತಲೆಯಾಡಿಸುತ್ತಿದ್ದರು. ನಮ್ಮತ್ತೆಗೆ ಮಾತ್ರ ಅದು ಯಾವ ಮಾತು ಎಂದು ಗೊತ್ತಿತ್ತು.

ದಿನಕರ್ಮದ ಹಿಂದಿನ ಸಂಜೆ ನಮ್ಮಲ್ಲಿ ಬೂದಿ ಹರಡುವ ಪದ್ಧತಿ ಇದೆ. ಸತ್ತವರು ಪ್ರಾಣ ಬಿಟ್ಟ ಜಾಗದಲ್ಲಿ ಜರಡಿ ಹಿಡಿದ ಬೂದಿಯನ್ನು ತೆಳ್ಳಗೆ ಹರಡಿ, ಬಾಗಿಲು ಮುಂದೆ ಮಾಡಿ, ಬೆಳಗ್ಗೆ ತೆಗೆದು ನೋಡುವುದು. ಬೂದಿಯಲ್ಲಿ ಯಾವ ಹೆಜ್ಜೆ ಮೂಡಿದೆಯೋ ಆ ರೂಪದಲ್ಲಿ ಬಂದು ಹೋದರು ಎಂದು ನಂಬಿಕೆ. ಕೆಲವರು ಮೇಲೆ ಬುಟ್ಟಿ ಮುಚ್ಚುತ್ತಾರೆ. ನಮ್ಮಲ್ಲಿ ಮುಚ್ಚುವುದಿಲ್ಲ, ಮುಚ್ಚಿದರೆ ಬರುವುದು ಹೇಗೆ ಎಂದು. ನಮ್ಮ ತಾತನ ಬೂದಿಯಲ್ಲಿ ಗುಬ್ಬಿಯ ಹೆಜ್ಜೆ ಮೂಡಿತ್ತಂತೆ. ಆರಡಿಯ ಆಳು.

ಗ್ಯಾಸಿನ ಒಲೆಯ ಮನೆಯಲ್ಲಿ ಬೂದಿ ಎಲ್ಲಿಂದ ಬರಬೇಕು? ತಮ್ಮ ಗಾಡಿ ತೆಗೆದುಕೊಂಡು ಹೋಗಿ ಮಂಡಕ್ಕಿ ಭಟ್ಟಿಯಿಂದ ಒಂದು ಚೀಲ ಹೊಟ್ಟಿನ ಬೂದಿ ತಂದ. ಕುಳ್ಳಿನ ಬೂದಿಯಲ್ಲ ಎಂದು ಅತ್ತೆ ಗೊಣಗಿ, ಆಮೇಲೆ ತಾನೇ ಜರಡಿ ಹಿಡಿದು ಕೂತಳು. ಜರಡಿ ಆಡಿಸುತ್ತಾ, ಯಾರ ಮುಖವನ್ನೂ ನೋಡದೆ ಹೇಳಿದಳು:

“ಹೆಜ್ಜಿ ಮೂಡ್ಲಿಲ್ಲ ಅಂದ್ರೆ ಮನಸ್ಸಿನ್ಯಾಗೆ ಮುನಿಸು ಇಟ್ಕಂಡು ಹೋಗ್ಯಾನ ಅಂತ ಅರ್ಥ. ಅಂಥೋರು ಒಳಗ ಬರಾಕೆ ಒಲ್ಲೆ ಅಂತಾರೆ. ಹೊಸ್ತಲತನಕ ಬಂದು ಹಂಗೇ ತಿರುಗ್ತಾರೆ.”

ಅವ್ವ ತರಕಾರಿ ಹೆಚ್ಚುತ್ತಿದ್ದಳು. ಕತ್ತಿಯ ಸದ್ದು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರುವಾಯಿತು.

ಹೆಜ್ಜೆ ಮೂಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಕಿಟಕಿಗೆ ಜಾಲರಿ ಇತ್ತು, ಗುಬ್ಬಿ ಬರುವ ಹಾಗಿರಲಿಲ್ಲ. ಒಂದು ಇರುವೆಯಾದರೂ ಹಾಯಲಿ ಎಂದು ಹಾರೈಸಿ, ಯಾರೂ ನೋಡದಾಗ ಬಾಗಿಲ ಸಂದಿಯಲ್ಲಿ ಒಂದು ಚಿಟಿಕೆ ಸಕ್ಕರೆ ಹಾಕಿ ಮಲಗಿದೆ.

ಬೆಳಗ್ಗೆ ಅತ್ತೆ ಸ್ನಾನ ಮಾಡಿ ಬಂದು ನಮ್ಮನ್ನೆಲ್ಲ ಕರೆದಳು. ತಮ್ಮ ಬಾಗಿಲು ತಳ್ಳಿದ. ಬೂದಿಯ ಈಚೆ ಅಂಚಿನಲ್ಲಿ, ಒಂದೇ ಒಂದು ಹೆಜ್ಜೆ ಇತ್ತು. ಮನುಷ್ಯನ ಹೆಜ್ಜೆ. ಬಲಗಾಲು.

“ಬಂದಾನ! ನೋಡ್ರೋ, ಬಂದಾನ ನನ್ನ ತಮ್ಮ!” ಎಂದು ಅತ್ತೆ ಕೈ ಮುಗಿದಳು. ಮುಗಿದ ಕೈಯಲ್ಲೇ ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು. “ತಡೀ. ಇದು ನನ್ನ ತಮ್ಮನ ಕಾಲಲ್ಲ.”

“ಮತ್ತ ಯಾರ್ದು?” ಎಂದ ತಮ್ಮ.

“ನಡುವೆ ಖಾಲಿ ಐತೆ ನೋಡು. ನಮ್ಮ ಮನಿಯಾಗೆ ಖಾಲಿ ಇರೋ ಕಾಲು ಯಾರದೈತೆ?”

ನಾನೇ ಕಲಿಸಿದ ಪಾಠ. ನಾನೂ ಬಗ್ಗಿ ನೋಡಿದೆ. ಒಂದು ದುಂಡು, ಇನ್ನೊಂದು ದುಂಡು, ಹೊರ ಅಂಚಿನಲ್ಲಿ ತೆಳು ಪಟ್ಟಿ. ಹೆಬ್ಬೆರಳಿಗೂ ಅದರ ಪಕ್ಕದ ಬೆರಳಿಗೂ ನಡುವೆ ಅಗಲವಾದ ಸಂದು ಬೇರೆ. ಲಗ್ನವಾದಾಗಿನಿಂದ ಕಾಲುಂಗುರ ಹಾಕಿ ಹಾಕಿ ಬಿದ್ದ ಸಂದು ಅದು. ಕಾಲುಂಗುರ ತೆಗೆದಿದ್ದರು. ಸಂದನ್ನು ತೆಗೆಯಲು ಬಂದಿರಲಿಲ್ಲ.

ತಿರುಗಿ ನೋಡಿದೆ. ಅವ್ವ ಅಡುಗೆಮನೆಯ ಬಾಗಿಲಲ್ಲಿ, ಸೀರೆಯ ಅಂಚನ್ನು ಪಾದದ ಮೇಲೆ ಇಳಿಬಿಟ್ಟುಕೊಂಡು ನಿಂತಿದ್ದಳು. ಆ ಹೊತ್ತಿಗೆ ಅವಳು ಇನ್ನೂ ಸ್ನಾನ ಮಾಡಿರಲಿಲ್ಲ. ಆದರೂ ಬಚ್ಚಲಿನಿಂದ ಅಡುಗೆಮನೆಯವರೆಗೆ ಕೆಂಪು ನೆಲದ ಮೇಲೆ, ಕಾಲು ಮಾತ್ರ ತೊಳೆದು ಬಂದ, ನಡುವೆ ಖಾಲಿ ಇರುವ ಒದ್ದೆ ಹೆಜ್ಜೆಗಳು ಆರುತ್ತಿದ್ದವು. ಎಲ್ಲಾ ಆರಿ, ನನ್ನ ಹತ್ತಿರದ್ದು ಒಂದು ಉಳಿದಿತ್ತು. ನಾನು ಒಂದು ಹೆಜ್ಜೆ ಹಿಂದೆ ಸರಿದು ಅದರ ಮೇಲೆ ನಿಂತೆ. ಪೂರ್ತಿ ಮುಚ್ಚಿತು. ಚಪ್ಪಟೆ ಪಾದದಿಂದ ನನಗೆ ಆದ ಉಪಯೋಗ ಅದೊಂದೇ.

“ಅತ್ತೆ, ಇದು ಅಪ್ಪಂದೇ,” ಎಂದೆ.

“ನನಗ ಹೇಳ್ತಿಯೇನೋ? ಎತ್ತಿ ಆಡಿಸಿದ ಕೈ ಇದು. ಅವನ ಕಾಲು ರೊಟ್ಟಿ ಬಡದಂಗಿತ್ತು.”

“ಅದು ಜೀವ ಇದ್ದಾಗ. ತಮ್ಮಾ, ನನ್ನ ಬ್ಯಾಗ್‌ನಾಗೆ ಎಕ್ಸ್‌ರೇ ಕವರ್ ಐತೆ, ತಾ.”

ತಂದೆ ಸತ್ತ ಮನೆಗೆ ತನ್ನ ಕಾಲಿನ ಎಕ್ಸ್‌ರೇ ಯಾರು ತರುತ್ತಾರೆ ಎಂದು ಕೇಳಬಹುದು. ನಾನು ತರುತ್ತೇನೆ. ಎಲ್ಲಿಗೆ ಹೋದರೂ ರಿಪೋರ್ಟುಗಳು ಜೊತೆಗಿರುತ್ತವೆ. ಎರಡೂ ಫಿಲ್ಮುಗಳನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕಾಲು ಇದ್ದಲ್ಲೇ ಇತ್ತು, ಕೈ ಮಾತ್ರ ಚಾಚಿದೆ.

“ಎರಡೂ ನಂದೇ ಕಾಲು. ಇದು ನಿಂತಿದ್ದು, ಚಪ್ಪಟೆ. ಇದು ಮಲಗಿದ್ದು, ನೋಡು ಹೆಂಗೆ ಕಮಾನು ಐತೆ. ಭಾರ ಇದ್ರೆ ಚಪ್ಪಟೆ, ಭಾರ ಇಲ್ಲಾಂದ್ರೆ ಕಮಾನು. ಅಪ್ಪಗೆ ಈಗ ಭಾರ ಎಲ್ಲಿಂದ ಬರ್ಬೇಕು ಅತ್ತೆ?”

ಅತ್ತೆ ಫಿಲ್ಮು ನೋಡಿದಳು, ಬೂದಿ ನೋಡಿದಳು. “ಇಷ್ಟು ಸಣ್ಣದು?”

“ಭಾರ ಬಿದ್ರೆ ಪಾದ ಉದ್ದ ಆಗ್ತೈತೆ. ಇಳಿದ್ರೆ ಗಿಡ್ಡ.”

“ಡಾಕ್ಟ್ರು ಅಂದಾರಾ?”

“ಅಂದಾರೆ.” ಇದು ಸುಳ್ಳಲ್ಲ. ಅವರು ಒಂಚೂರು ಎಂದಿದ್ದರು, ಆ ಒಂಚೂರನ್ನು ನಾನು ಹೇಳಲಿಲ್ಲ.

ಅತ್ತೆ ಇನ್ನೂ ಯೋಚಿಸುತ್ತಿದ್ದಳು. ಶಾಲೆಗೆ ಹೋಗಿದ್ದರೆ ಅವಳು ನಮ್ಮ ಕಾಲೇಜಿಗೇ ಪ್ರಿನ್ಸಿಪಾಲಾಗುತ್ತಿದ್ದಳು, ನಾನು ಅವಳ ಕೈಕೆಳಗೆ ಸಾಯುತ್ತಿದ್ದೆ. “ಭಾರನೇ ಇಲ್ಲಾಂದ್ರೆ ಬೂದಿ ಹೆಂಗ ತಗ್ಗಾತು?”

ಡಾಕ್ಟರು ಅಲ್ಲಿಯವರೆಗೆ ಹೇಳಿಕೊಟ್ಟಿರಲಿಲ್ಲ. ಆಗ ತಮ್ಮ, ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತಾ ಅಂದ:

“ಇದು ಮಂಡಕ್ಕಿ ಭಟ್ಟಿ ಬೂದಿ ಅತ್ತೆ. ಹೊಟ್ಟಿಂದು. ಉಸುರು ಬಿಟ್ರೂ ತಗ್ಗಾಗ್ತೈತೆ. ನೀನೇ ಅಂದ್ಯಲ್ಲ ನಿನ್ನೆ, ಇದು ಬೂದಿನೇ ಅಲ್ಲ ಅಂತ.”

ಅವನು ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ. ಅಂದಿನಿಂದ ಇಂದಿನವರೆಗೆ ಈ ವಿಷಯ ನಾವಿಬ್ಬರೂ ಮಾತಾಡಿಲ್ಲ, ಮುಂದೆಯೂ ಮಾತಾಡುವವರಲ್ಲ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಅದೂ ಖರೇನೇ,” ಎಂದಳು. ಮತ್ತೆ ಕೈಮುಗಿದು, ಅಡುಗೆಮನೆಯ ಕಡೆ ತಿರುಗಿ, ಗಟ್ಟಿಯಾಗಿ ಹೇಳಿದಳು: “ಬಂದು ಹೋಗ್ಯಾನವ್ವಾ. ಮನಸ್ಸಿನ್ಯಾಗೆ ಏನೂ ಇಟ್ಕಂಡಿಲ್ಲ. ಕೇಳ್ತೇನು?”

“ಕೇಳ್ತಕ್ಕ,” ಎಂದಳು ಅವ್ವ.

ತಮ್ಮ ಬೂದಿ ಬಳಿದು ಬಟ್ಟೆಯಲ್ಲಿ ಕಟ್ಟಿಕೊಂಡು ಹೊಳೆಗೆ ಬಿಡಲು ಹೋದ. ಅತ್ತೆ ಬೀದಿಗೆ ಹೋದಳು. ನಾನು ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕೂತೆ. ಅವ್ವ ಟೀಗೆ ಇಟ್ಟಿದ್ದಳು.

“ಅವರಿಗೆ ಭಾರ ಇಲ್ಲ ಅಂದ್ಯಲ್ಲ,” ಎಂದಳು. “ಮದುವಿಯಾದಾಗಿಂದ ನಾ ಅವರು ಹಗುರ ಇದ್ದಿದ್ದು ಕಂಡಿಲ್ಲಪ್ಪ.”

“ಅತ್ತೆ ಬಾಯಿಗೆ ಹೆದರಿದ್ಯಾ ಅವ್ವ?”

“ನಿಮ್ಮತ್ತಿಗೆ ಹೆದ್ರಿದ್ರೆ ಈ ಮನಿಯಾಗೆ ಬಾಳ್ವೆ ಆಗ್ತಿತ್ತಾ? ಬೆಳಿಗ್ಗೆ ಎದ್ದು ಬಾಗ್ಲ ತಗದು ನೋಡ್ದೆ. ಏನೂ ಇರ್ಲಿಲ್ಲ.” ಸಕ್ಕರೆಯ ಡಬ್ಬಿ ತೆಗೆದು ಮುಚ್ಚಳ ಹಿಡಿದು ನಿಂತಳು. “ಬೈದಾಕಿ ನಾನು. ಮಾತಾಡ್ಸಾಕೆ ಹೋಗ್ಬೇಕಾದಾಕಿನೂ ನಾನೇ ಅಲ್ಲೇನು? ಹೋದೆ. ಒಂದು ಕಾಲು ಇಟ್ಟೆ. ಇನ್ನೊಂದು ಇಡಾಕೆ ಆಗ್ಲಿಲ್ಲ.”

ಅವಳು ಟೀ ಸೋಸಿದಳು. ಲೋಟ ಕೊಡುವಾಗ ಅವಳ ಮುಖ ಒದ್ದೆಯಾಗಿತ್ತು. ಒಲೆಯ ಹಬೆ ಎಂದುಕೊಳ್ಳಲು ನನಗೂ ಅನುಕೂಲವಾಯಿತು.

ಹೊರಗಿನಿಂದ ಅತ್ತೆಯ ಧ್ವನಿ ಬಂತು. ಎದುರು ಮನೆಯವಳಿಗೆ ಹೇಳುತ್ತಿದ್ದಳು. ತನ್ನ ತಮ್ಮ ಬಂದು ಹೋದದ್ದಕ್ಕೆ ಎಕ್ಸ್‌ರೇಯೇ ಸಾಕ್ಷಿ ಇದೆಯಂತೆ, ದಾವಣಗೆರೆಯ ಡಾಕ್ಟರೇ ಕೊಟ್ಟದ್ದಂತೆ. “ಲೇ ಹುಡುಗಾ, ಆ ಫೋಟೋ ತಗಂಡು ಬಾರೋ, ಇವರೂ ನೋಡ್ಲಿ!”

ಐವತ್ತು ದಾಟಿದ ಹುಡುಗ ಕವರು ಹಿಡಿದು ಎದ್ದೆ. ಬಾಗಿಲವರೆಗೆ ಹೋಗಿದ್ದೆ, ಅವ್ವ ಹಿಂದಿನಿಂದ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ, ಮೆಲ್ಲಗೆ ಕರೆದಳು.

“ಮಲಗಿದ್ದನ್ನ ಮೊದ್ಲು ತೋರ್ಸು,” ಎಂದಳು. “ನಿಂತಿದ್ದು ಅವರು ಕೇಳಿದ್ರೆ ತೋರ್ಸು, ಇಲ್ಲಾಂದ್ರೆ ಬ್ಯಾಡ.”